ಗುರುವಾರದ ಮಳೆಗೆ ನಾನು ಕೊಟ್ಟ ಗ್ಯಾರಂಟಿ

ಹವಾಮಾನ ವರದಿಯನ್ನು ನಾನು ನಂಬುವುದಿಲ್ಲ. ನಂಬದಿದ್ದರೂ ದಿನಾ ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಫೋನು ತೆರೆದು ನೋಡುತ್ತೇನೆ. ‘ಜಿಲ್ಲೆಯ ಒಂದೆರಡು ಕಡೆ ಹಗುರ ಮಳೆ’ ಎಂದಿರುತ್ತದೆ. ಆ ಒಂದೆರಡು ಕಡೆ ಯಾವುದು ಎಂದು ಯಾರನ್ನು ಕೇಳುವುದು? ಚಳ್ಳಕೆರೆಯಲ್ಲಿ ನಾನಿರುವ ಬೀದಿಯಂತೂ ಅಲ್ಲ, ಮೊಳಕಾಲ್ಮೂರು ಕಡೆಯ ನನ್ನ ತವರೂರೂ ಅಲ್ಲ. ಸಿಕ್ಕಿಬೀಳದ ಹಾಗೆ ಹೇಳುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ ಎಂದು ನನ್ನ ಗುಮಾನಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮೋಡದ ಪಾಠವನ್ನು ಪುಸ್ತಕ ನೋಡದೆ ಹೇಳಬಲ್ಲೆ. ನೆಲ ಕಾಯುತ್ತದೆ, ಬಿಸಿ ಗಾಳಿ ನೀರಾವಿಯನ್ನು ಹೊತ್ತು ಮೇಲೇರುತ್ತದೆ, ಮೇಲೆ ಹೋಗಿ ತಣ್ಣಗಾದ ಆವಿ ಕಣ್ಣಿಗೆ ಕಾಣದ ದೂಳಿನ ಕಣಗಳಿಗೆ ಅಂಟಿ ಹನಿಯಾಗುತ್ತದೆ. ಅಂಥ ಹನಿಗಳೆಲ್ಲ ಸೇರಿದರೆ ಮೋಡ. ನಮ್ಮಲ್ಲಿ ಬಿಸಿಲಿಗೂ ದೂಳಿಗೂ ಕೊರತೆಯಿಲ್ಲ, ಇಲ್ಲದಿರುವುದು ನೀರಾವಿ. ತೇವವನ್ನೆಲ್ಲ ಘಟ್ಟದಲ್ಲೇ ಇಳಿಸಿದ ಗಾಳಿ ಇಲ್ಲಿಗೆ ಬರಿಗೈಲಿ ಬರುತ್ತದೆ. ಇದನ್ನು ಊರಲ್ಲಿ ಹೇಳಿದರೆ ನಗುತ್ತಾರೆ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯಲು ನಿಲ್ಲಿಸಿದ ಫ್ಯಾನುಗಳು ಮೋಡ ಓಡಿಸುತ್ತವೆ ಎಂಬುದು ಅವರ ವಾದ. ಅದೂ ಅಲ್ಲದಿದ್ದರೆ ಇಟ್ಟಿಗೆ ಸುಡುವವರು ಮಂತ್ರ ಹಾಕಿಸಿ ಮಳೆ ಕಟ್ಟಿಸಿದ್ದಾರೆ.

ಅವ್ವ ತೀರಿಕೊಳ್ಳುವವರೆಗೆ ಇವೆಲ್ಲ ನನಗೆ ತಮಾಷೆಯೇ ಆಗಿತ್ತು. ಅವ್ವನಿಗೆ ತೊನ್ನಿತ್ತು. ಕೈ, ತುಟಿ, ಕೊರಳೆಲ್ಲ ಬಿಳಿ. ತೊನ್ನಿದ್ದವರನ್ನು ಹೂತರೆ ಊರಿಗೆ ಮಳೆಯಾಗುವುದಿಲ್ಲ, ಹೆಣ ಹೊರತೆಗೆದು ಸುಡಬೇಕು ಎಂಬ ಮಾತು ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಇದೆ. ನಮ್ಮದು ಹೂಳುವ ಪದ್ಧತಿ. ಹೊಲದ ಬದುವಿನಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಆಗಲೇ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿತ್ತು.

ಆ ವರ್ಷ ಶೇಂಗಾ ಬಿತ್ತಿದ ಮೇಲೆ ಮಳೆ ಕೈಕೊಟ್ಟಿತು. ಊರಲ್ಲೇ ಇರುವ ತಮ್ಮ ಫೋನು ಮಾಡಿದ. “ಅಕ್ಕ, ಕಟ್ಟೆ ಮ್ಯಾಲೆ ಅವ್ವನ ಮಾತು ಎದ್ದೈತೆ.”

ಯಾವ ಮಾತು ಎಂದು ಕೇಳಬೇಕಾಗಿರಲಿಲ್ಲ. ಸಂಜೆಯ ಬಸ್ಸಿಗೇ ಹೋದೆ. ಕಟ್ಟೆಯಲ್ಲಿ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಊರಿನ ಹಿರಿಯರ ಜೊತೆ ಕೂತಿದ್ದರು. ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವರು ಕುರ್ಚಿ ತರಿಸಿದರು, ಟೀ ಕೊಟ್ಟರು. ಆ ಮರ್ಯಾದೆ ಕಂಡೇ ಹೆದರಿಕೆಯಾಯಿತು.

“ನಿಮ್ಮವ್ವ ಬಂಗಾರದಂಥಾಕಿ ಕಣವ್ವ,” ಎಂದರು ದೊಡ್ಡಪ್ಪ. “ಆದ್ರೆ ಬೆಳೆ ಒಣಗ್ತೈತೆ. ಊರೋರ ಬಾಯಿ ಮುಚ್ಚಾಕೆ ಆಗ್ತೈತಾ?”

ಪಾಠ ಹೇಳಿದರೆ ಕೇಳುವವರಲ್ಲ. ಪೊಲೀಸರನ್ನು ಕರೆಸೋಣವೆಂದರೆ ತಮ್ಮ ನಾಳೆ ಅದೇ ಊರಲ್ಲಿ ಬಾಳಬೇಕು. ಕೊನೆಗೆ ನಾನು ಎಂದೂ ನಂಬದ ಫೋನನ್ನೇ ತೆಗೆದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಗುರುವಾರ ಜಿಲ್ಲೆಯಾದ್ಯಂತ ವ್ಯಾಪಕ ಮಳೆ ಎಂದಿತ್ತು. ಅದನ್ನೇ ಗಟ್ಟಿಯಾಗಿ ಓದಿದೆ. ಸಮುದ್ರದ ಕಡೆಯಿಂದ ನೀರಾವಿ ಬರುತ್ತಿದೆ, ಮೋಡ ಕಟ್ಟೇ ಕಟ್ಟುತ್ತದೆ ಎಂದು ಕಣ್ಣಾರೆ ಕಂಡು ಬಂದವಳ ಹಾಗೆ ಹೇಳಿದೆ.

“ಗುರುವಾರದ ತನಕ ತಡೀರಿ ದೊಡ್ಡಪ್ಪ. ಬರ್ಲಿಲ್ಲ ಅಂದ್ರೆ ಆಮೇಲೆ ಮಾತಾಡಾನ.”

“ಗ್ಯಾರಂಟಿ ಬರ್ತೈತಾ?”

“ಗ್ಯಾರಂಟಿ.”

ದೊಡ್ಡಪ್ಪ ಉಳಿದವರ ಕಡೆ ನೋಡಿ ತಲೆಯಾಡಿಸಿದರು. ಅಷ್ಟು ಸುಲಭಕ್ಕೆ ಒಪ್ಪಿದ್ದು ಯಾಕೋ ಸರಿಕಾಣಲಿಲ್ಲ. ಹೊಲದ ಕಡೆ ಒಂದು ಕಣ್ಣಿಟ್ಟಿರು ಎಂದು ತಮ್ಮನಿಗೆ ಹೇಳಿ ಚಳ್ಳಕೆರೆಗೆ ವಾಪಸಾದೆ.

ಬುಧವಾರ ಕ್ಲಾಸಿನಲ್ಲಿ ನಿಂತರೂ ಗಮನವೆಲ್ಲ ಕಿಟಕಿಯ ಹೊರಗೆ. ಹಾದುಹೋಗುವ ಪ್ರತಿ ಮೋಡದ ಮೇಲೂ ಸಿಟ್ಟು ಬರುತ್ತಿತ್ತು. ತಮ್ಮ ಫೋನಿಗೆ ಸಿಗಲಿಲ್ಲ. ಊರಲ್ಲಿ ಸಿಗ್ನಲ್ಲಿಗೆ ಯಾವಾಗಲೂ ತೊಂದರೆ, ಅದಕ್ಕೇ ಇರಬೇಕು ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಮೂಡಣದಲ್ಲಿ ಕಪ್ಪಗೆ ಕಟ್ಟಿತು. ಮಧ್ಯಾಹ್ನಕ್ಕೆ ಚಳ್ಳಕೆರೆಯ ಚರಂಡಿಗಳೆಲ್ಲ ರಸ್ತೆಗೆ ಬಂದವು. ಅರ್ಧ ದಿನ ರಜೆ ಹಾಕಿ, ನೆನೆದುಕೊಂಡೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಳೆ. ಅವ್ವ ಉಳಿದಳು ಎಂದು ಬಸ್ಸಿನಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯ್ತವ್ವ ಎಂದು ಕೇಳಿದರೆ ಸಂತೋಷಕ್ಕೆ ಅಂದೆ.

ಊರಲ್ಲಿ ಎಲ್ಲರ ಮುಖದಲ್ಲೂ ನಗು. ದೊಡ್ಡಪ್ಪ ಜಗುಲಿಯಿಂದಲೇ ನನಗೆ ಕೈ ಮುಗಿದರು. ಹಿರಿಯರು ನನಗೇಕೆ ಕೈ ಮುಗಿಯಬೇಕು? ಮನೆಗೂ ಹೋಗದೆ ನೇರ ಹೊಲಕ್ಕೆ ನಡೆದೆ. ಅಪ್ಪನ ಮಣ್ಣಿನ ಗುಡ್ಡೆ ಹಾಗೇ ಇತ್ತು. ಪಕ್ಕದಲ್ಲಿ ಗುಂಡಿ, ಅದರ ತುಂಬ ಕೆಂಪು ನೀರು.

ಗೋಣಿಚೀಲದ ಕೊಪ್ಪೆ ಹಾಕಿಕೊಂಡು ತಮ್ಮ ಹಿಂದೆಯೇ ಓಡಿ ಬಂದಿದ್ದ. ತಲೆ ಎತ್ತಲಿಲ್ಲ.

“ಯಾವಾಗ?” ಎಂದೆ.

“ನಿನ್ನೆ.”

“ಗುರುವಾರದ ತನಕ ತಡೀತೀವಿ ಅಂದಿದ್ರಲ್ಲೋ.”

“ಗುರುವಾರ ಮಳೆ ಬರ್ತೈತೆ ಅಂತ ನೀನೇ ಗ್ಯಾರಂಟಿ ಕೊಟ್ಟಿದ್ದೆಯಲ್ಲಕ್ಕ. ಬರೋ ಮಳೆ ಅವ್ವನ ದೆಸೆಯಿಂದ ತಿರುಗಿ ಹೋಗಬಾರ್ದು ಅಂದ್ರು. ಮಳೆ ಹಿಡಕೊಂಡ್ರೆ ಸೌದೆನೂ ಹತ್ತಲ್ಲ ಅಂತ ಒಂದಿನ ಮುಂಚೆನೇ ಮುಗಿಸಿಬಿಟ್ರು.”

ಅವನ ಕೆನ್ನೆಗೆ ಹೊಡೆಯಬೇಕೆಂದು ಎತ್ತಿದ ಕೈ ಹಾಗೇ ಇಳಿಯಿತು. ಅವರು ಯಾರೂ ನನ್ನನ್ನು ಅನುಮಾನಿಸಿರಲಿಲ್ಲ. ನಾನು ಓದಿ ಹೇಳಿದ್ದನ್ನು ಅಕ್ಷರಶಃ ನಂಬಿದ್ದರು.

ಬೂದಿ ಎಲ್ಲಿ ಎಂದು ಕೇಳಿದೆ. ಹಳ್ಳದ ದಡದ ಕಡೆ ಕೈ ತೋರಿಸಿದ. ಹೋಗಿ ನೋಡಿದರೆ ಆ ಜಾಗದ ಮೇಲೇ ನೀರು ಹರಿಯುತ್ತಿತ್ತು.