ಮನೆಯಿಂದ ಮೂವತ್ತೈದು ಅಡಿ ದೂರದ ಶೆಡ್ಡು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಸಳೂರಿನ ಹೊಸ ಮನೆಯ ಜಗಲಿಯ ಮೇಲೆ ಪಂಪು ರಿಪೇರಿ ಮಾಡುತ್ತಿದ್ದೆ. ಅಡಿಕೆಗೆ ಔಷಧಿ ಹೊಡೆಯುವ ಪಂಪು, ಹೊಳೆಯ ನೀರೆತ್ತುವ ಸೀಮೆಎಣ್ಣೆ ಪಂಪು, ನಡುನಡುವೆ ಯಾರದೋ ಸ್ಕೂಟರು. ಮೇ ತಿಂಗಳು ಬಂತೆಂದರೆ ನಂದೊಳ್ಳಿಯಿಂದ ಹಿಡಿದು ಸಿದ್ದಾಪುರದ ಕಡೆಯವರೆಗೂ ತೋಟದವರಿಗೆಲ್ಲ ಒಟ್ಟಿಗೇ ಜ್ಞಾನೋದಯವಾಗುತ್ತಿತ್ತು. ಹತ್ತು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಪಂಪನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದು, ನಾಳೆಯೇ ಬೇಕು ಎನ್ನುತ್ತಿದ್ದರು. ನಾನು ರೇಗುತ್ತಿದ್ದೆ, ಅವರು ನಗುತ್ತಿದ್ದರು, ಪಂಪು ಮಾತ್ರ ಜಗಲಿಯಲ್ಲೇ ಉಳಿಯುತ್ತಿತ್ತು.

ಮಗಳಿಗೆ ಆಗ ಎಂಟು ವರ್ಷ. ಎರಡು ವರ್ಷದಿಂದ ಅವಳಿಗೆ ಉಬ್ಬಸ ಶುರುವಾಗಿತ್ತು. ಮೊದಮೊದಲು ಥಂಡಿ ಎಂದುಕೊಂಡೆವು, ಕಷಾಯ ಕುಡಿಸಿದೆವು. ಶಿರಸಿಯ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಕೇಳಿದ ಮೇಲೆ ನನ್ನ ಅಂಗಿಯ ತೋಳನ್ನು ಮೂಸಿ ನೋಡಿದರು. ನಾನೇನು ಕೆಲಸ ಮಾಡುತ್ತೇನೆ, ಎಲ್ಲಿ ಮಾಡುತ್ತೇನೆ ಎಂದು ಕೇಳಿ, ಪೆಟ್ರೋಲು, ಸೀಮೆಎಣ್ಣೆ, ಹೊಗೆ ಇವೆಲ್ಲ ಮನೆಯಿಂದ ಆಚೆ ಹೋಗಲೇಬೇಕು ಎಂದರು. ಎಷ್ಟು ಆಚೆ ಎಂದು ಕೇಳಿದೆ. ಆದಷ್ಟು ಎಂದರು. ಬರುವ ಮೇ ತಿಂಗಳ ಒಳಗೆ ಕೆಲಸಕ್ಕೆ ಬೇರೆ ಜಾಗ ಮಾಡಲೇಬೇಕು ಎಂದು ಅವತ್ತೇ ಬಸ್ಸಿನಲ್ಲಿ ನಿಶ್ಚಯಿಸಿದೆ.

ಪೇಟೆಯಲ್ಲಿ ಅಂಗಡಿ ಹಿಡಿಯುವಷ್ಟು ತಾಕತ್ತು ನನಗಿರಲಿಲ್ಲ. ಮನೆಯ ಸಾಲವೇ ತೀರಿರಲಿಲ್ಲ, ಆದ್ದರಿಂದ ಇನ್ನೊಂದು ಸಾಲದ ಮಾತೇ ಇಲ್ಲ. ಕೈಯಲ್ಲಿದ್ದದ್ದು ನಲವತ್ತು ಸಾವಿರ. ನಮ್ಮದು ಎಂಟು ಗುಂಟೆ ಜಾಗ. ಮನೆಯ ಗೋಡೆಯಿಂದ ಟೇಪು ಹಿಡಿದು ಹಿತ್ತಲ ತುದಿಯ ಬೇಲಿಯವರೆಗೆ ನಡೆದರೆ, ಶೆಡ್ಡಿಗೆ ಜಾಗ ಬಿಟ್ಟು ಮೂವತ್ತೈದು ಅಡಿ ದೂರ ಸಿಕ್ಕಿತು. ಇಪ್ಪತ್ತಕ್ಕೆ ಹನ್ನೆರಡು ಅಡಿಯ ಶೆಡ್ಡು, ನಾಲ್ಕು ಗೋಡೆ, ಒಂದು ಬಾಗಿಲು. ಇದಕ್ಕೆ ಅಂದಾಜು ಹಾಕಲು ಮೇಸ್ತ್ರಿಯನ್ನು ಕರೆಸಿದೆ.

ಮೇಸ್ತ್ರಿ ಹಾವೇರಿಯ ಕಡೆಯವನು. ಶಿರಸಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಮಾತು ಮಾತ್ರ ಅಲ್ಲಿಯದೇ. ಅವನು ಟೇಪು ಹಿಡಿಯಲಿಲ್ಲ, ಹೆಜ್ಜೆಯಲ್ಲೇ ಅಳೆದ. ಗೋಡೆಗೆ ಏಳುನೂರು ಕೆಂಪುಕಲ್ಲು ಎಂದ. ಸಿಮೆಂಟು, ಉಸುಕು, ಹೆಂಚು, ಆಳಿನ ಕೂಲಿ ಒಂದೊಂದೇ ಹೇಳುತ್ತ ಹೋದ. ನಾನು ಮಗಳ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋದೆ.

"ಕಟಗಿ ಎಲ್ಲಿಂದ ತರಸ್ತೀರಿ?" ಎಂದ.

"ಮನೇದು," ಎಂದೆ. ವಾನಳ್ಳಿಯಲ್ಲಿ ನಮ್ಮ ಮೂಲಮನೆ. ಅಣ್ಣ ಅಲ್ಲಿದ್ದಾನೆ. ಹಿತ್ತಲಿನಲ್ಲಿ ದೊಡ್ಡ ಹಲಸಿನ ಮರವಿದೆ, ಅದನ್ನು ಕಡಿಸಿಕೊಂಡು ಹೋಗು ಎಂದು ಅವನು ಆಗಲೇ ಹೇಳಿದ್ದ.

"ಬುನಾದಿಗೆ ಕಲ್ಲು?"

"ಅದೂ ಮನೇದು." ಹಳೆಯ ಕೊಟ್ಟಿಗೆ ಬಿಚ್ಚಿದ ಕಲ್ಲು ವಾನಳ್ಳಿಯಲ್ಲಿ ರಾಶಿ ಬಿದ್ದಿತ್ತು.

"ಗೋಡೆಗೆ ನೀರು ಹೊಡೆಯೋರು?"

"ಮನೆಯವ್ರೇ."

ಅವನು ನಕ್ಕ. "ಈ ಕಡೆ ಮಂದಿ ಅರ್ಧಾ ಮನಿ 'ಮನೀದು' ಅಂತನ ಕಟ್ಟಿಬಿಡ್ತೀರಿ. ಬರಕೋರಿ ಸರ, ಅದಕ್ಕೂ ಒಂದು ಆಕಡಾ ಹಾಕ್ರಿ."

ನನಗೆ ಸಿಟ್ಟು ಬಂತು. ಮನೆಯದಕ್ಕೆ ಯಾರಾದರೂ ಬೆಲೆ ಕಟ್ಟುತ್ತಾರೆಯೇ? ನಮ್ಮಲ್ಲಿ ಯಾರನ್ನೇ ಕೇಳಿ, ಮದುವೆಗೆ ಖರ್ಚೆಷ್ಟಾಯಿತು ಎಂದರೆ ಪೇಟೆಯಿಂದ ತಂದದ್ದನ್ನಷ್ಟೇ ಹೇಳುತ್ತಾರೆ. ತೆಂಗಿನಕಾಯಿ, ಬಾಳೆಎಲೆ, ಕಾಳುಮೆಣಸು, ಹಾಲು, ನೆಂಟರು ವಾರಗಟ್ಟಲೆ ಬಂದು ಮಾಡಿದ ಕೆಲಸ ಯಾವುದೂ ಲೆಕ್ಕದಲ್ಲಿ ಬರುವುದಿಲ್ಲ. ನಾನೂ ಹಾಗೇ ಬೆಳೆದವನು. ಮರ, ಕಲ್ಲು, ನೀರು, ಊಟ ನಾಲ್ಕರ ಮುಂದೆಯೂ "ಮನೇದು" ಎಂದು ಬರೆದು ಒಂದು ಗೀಟು ಎಳೆದೆ. ಒಟ್ಟು ಮೂವತ್ತೆಂಟು ಸಾವಿರ ಬಂತು. ಎರಡು ಸಾವಿರ ಉಳಿಯುತ್ತದೆ ಎಂದು ಹೆಂಡತಿಯ ಹತ್ತಿರ ಜಂಭದಿಂದ ಹೇಳಿದೆ.

ಅವಳು ಕೈ ಒರೆಸಿಕೊಂಡು ಬಂದು ಪಟ್ಟಿ ನೋಡಿದಳು.

"ಐದು ಜನ, ಹದಿನೆಂಟು ದಿನ. ಎರಡು ಸಲ ಚಾ, ಒಂದು ಊಟ. ಇದು ಯಾರ ಮನೇದು?"

"ನಮ್ಮನೇದು."

"ಮನೇದು ಹೇಳಿ ಬರದ್ರೆ ಅಕ್ಕಿ ಡಬ್ಬಿ ತುಂಬ್ತಾ?"

ಹೆಂಗಸರಿಗೆ ದೊಡ್ಡ ಲೆಕ್ಕ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳದೇ ಇದ್ದದ್ದು ಇವತ್ತಿಗೂ ನನ್ನ ಪುಣ್ಯ.

ಮರ ನೋಡಲು ವಾನಳ್ಳಿಗೆ ಹೋದೆ. ಮರ ಕಡಿಯುವವನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವನು ಮರವನ್ನು ಒಂದು ಸುತ್ತು ಹಾಕಿ, ಕಡಿಯುವುದಕ್ಕೆ ಇಷ್ಟು, ತುಂಡು ಮಾಡುವುದಕ್ಕೆ ಇಷ್ಟು ಎಂದ. ಹಿತ್ತಲಿನವರೆಗೆ ಲಾರಿ ಬರುವುದಿಲ್ಲ, ರಸ್ತೆಗೆ ಎಳೆಸುವುದಕ್ಕೆ ಬೇರೆ. ಆಮೇಲೆ ಅರಣ್ಯ ಇಲಾಖೆಯ ಪಾಸು, ಶಿರಸಿಯ ಮಿಲ್ಲಿಗೆ ಸಾಗಾಟ, ಕೊಯ್ಯುವ ಕೂಲಿ. ಕೊಯ್ದ ಮೇಲೂ ಒಣಗಲು ಎರಡು ತಿಂಗಳು ಬೇಕು. ನಾನು ಹಲಸಿನ ಮರದ ಬುಡದಲ್ಲೇ ಕೂತು ಕೂಡಿಸಿ ನೋಡಿದೆ. ಪುಕ್ಕಟೆ ಮರಕ್ಕಿಂತ ಪೇಟೆಯ ಕಬ್ಬಿಣದ ಪೈಪು ಅಗ್ಗ ಎಂದು ಗೊತ್ತಾಯಿತು.

ಕೊಟ್ಟಿಗೆಯ ಕಲ್ಲಿನ ಕಥೆಯೂ ಅದೇ. ಅರ್ಧ ಕಲ್ಲು ಮೂಲೆ ಒಡೆದದ್ದು, ಉಳಿದದ್ದಕ್ಕೆ ಹಳೆಯ ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಕೆರೆದು, ಹೊತ್ತು, ಲಾರಿಗೆ ಹಾಕಿ ತರುವ ಖರ್ಚಿಗೆ ಸಿದ್ದಾಪುರದ ಕಡೆಯ ಹೊಸ ಕಲ್ಲೇ ಮನೆ ಬಾಗಿಲಿಗೆ ಬಂದು ಬೀಳುತ್ತಿತ್ತು.

ಮನೆಗೆ ಬಂದು ಪಟ್ಟಿಯನ್ನು ಮತ್ತೆ ಬರೆದೆ. ಈ ಸಲ ಗೀಟು ಎಳೆದಿದ್ದ ಕಡೆಯಲ್ಲೆಲ್ಲ ಅಂಕಿ ಕೂರಿಸಿದೆ. ಹೆಂಡತಿಯನ್ನು ಕರೆದು ಅಕ್ಕಿ, ಹಾಲು, ಬೆಲ್ಲ, ಚಾಪುಡಿ ಕೇಳಿ ಬರೆದುಕೊಂಡೆ. ಅವಳು ಒಂದು ಮಾತೂ ಚುಚ್ಚದೆ ಹೇಳಿದಳು, ಅದು ಚುಚ್ಚಿದ್ದಕ್ಕಿಂತ ಕಷ್ಟವಾಯಿತು. ಒಟ್ಟು ಐವತ್ತಾರು ಸಾವಿರ.

ಹದಿನಾರು ಸಾವಿರವನ್ನು ಆ ಕಾಲದಲ್ಲಿ ಎಲ್ಲಿಂದ ತರುವುದು? ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಅವನು ಹಿತ್ತಲು ಬಿಟ್ಟು ನೇರ ಮನೆಯ ಪಕ್ಕದ ಗೋಡೆಯ ಹತ್ತಿರ ಬಂದು ನಿಂತು, ಅಂಗೈಯಿಂದ ಅದನ್ನು ತಟ್ಟಿದ.

"ಇಲ್ಲೇ ಆನಿಸಿ ಕಟ್ಟೋಣ್ರಿ. ಒಂದು ಗ್ವಾಡಿ ಉಳೀತದ, ಇನ್ನೂರು ಕಲ್ಲು. ಮಾಡಿನ ಭಾರ ಅರ್ಧಾ ಈ ಗ್ವಾಡಿನ ಹೊರತೈತಿ. ಬಾಕಿದ್ದು ನಾ ಸಣ್ಣದು ಮಾಡ್ತೀನಿ. ಮೂವತ್ತೊಂಬತ್ತರಾಗ ಮುಗಿಸಿ ಕೊಡ್ತೀನಿ ನೋಡ್ರಿ."

ಮೂವತ್ತೊಂಬತ್ತು! ಕೇಳಿದ ಕೂಡಲೇ ಎದೆ ಹಗುರಾಯಿತು. ನಡುವೆ ಗಟ್ಟಿ ಗೋಡೆ ಇರುತ್ತದಲ್ಲ, ಆ ಬದಿಯ ಕಿಟಕಿಯನ್ನು ಮುಚ್ಚಿಸಿದರೆ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರು ಆದಷ್ಟು ಎಂದರು, ಇಷ್ಟು ಅಡಿ ಎಂದು ಹೇಳಲಿಲ್ಲವಲ್ಲ ಎಂದು ವಾದವನ್ನೂ ಹುಡುಕಿಕೊಂಡೆ. ಸೋಮವಾರ ಬುನಾದಿ ತೋಡಲು ಬಾ ಎಂದೆ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಡಾಕ್ಟರು ಹೇಳಿದ್ದು ನೆನಪಿದ್ದಾ?" ಎಂದಷ್ಟೇ ಕೇಳಿದಳು. ನೆನಪಿದೆ, ನಾನೇನು ಕಿವುಡನಲ್ಲ ಎಂದು ಗದರಿದೆ.

ಭಾನುವಾರ ಮಧ್ಯಾಹ್ನ ನಂದೊಳ್ಳಿಯ ಒಬ್ಬರು ಪಂಪು ತಂದರು. ಶೆಡ್ಡು ಬರುವ ಜಾಗ ಹೇಗಿರುತ್ತದೆ ನೋಡೋಣ ಎಂದು ಅದನ್ನು ಜಗಲಿಗೆ ಏರಿಸದೆ ಆ ಪಕ್ಕದ ಗೋಡೆಯ ಬುಡಕ್ಕೇ ಒಯ್ದೆ. ಕಿಟಕಿಯ ಬಾಗಿಲು ಮುಚ್ಚಿಸಿದೆ. ಕಾರ್ಬೊರೇಟರು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಕೂರಿಸಿ, ಹಗ್ಗ ಎಳೆದು ಶುರು ಮಾಡಿದೆ. ಜಾಗ ಬಹಳ ಅನುಕೂಲವಾಗಿತ್ತು. ನೆರಳಿತ್ತು, ಗಾಳಿ ಇತ್ತು. ಹತ್ತು ನಿಮಿಷ ಓಡಿಸಿ ಶಬ್ದ ಕೇಳುತ್ತ ಕೂತೆ.

ನಮ್ಮದು ಹೆಂಚಿನ ಮನೆ. ಗೋಡೆ ಮೇಲಕ್ಕೆ ಹೋಗಿ ಮಾಡಿಗೆ ಮುಟ್ಟುವ ಮೊದಲೇ ನಿಲ್ಲುತ್ತದೆ. ಗೋಡೆಗೂ ಹೆಂಚಿಗೂ ನಡುವೆ ಉದ್ದಕ್ಕೂ ಒಂದು ಗೇಣು ಸಂದು. ಮನೆ ಕಟ್ಟಿಸುವಾಗ ಸೆಖೆಗೆ ಒಳ್ಳೆಯದು ಎಂದು ನಾನೇ ಬಿಡಿಸಿದ್ದು ಅದು. ಒಳಗೆ ಮಗಳು ಅದೇ ಗೋಡೆಗೆ ಬೆನ್ನು ಹಾಕಿ ಮಗ್ಗಿ ಬರೆಯುತ್ತಿದ್ದಳು.

ಅವಳು ಒಂದು ಕೈ ಎದೆಯ ಮೇಲಿಟ್ಟುಕೊಂಡು ಹೊರಗೆ ಬಂದಳು. ಭುಜ ಎರಡೂ ಮೇಲಕ್ಕೆ ಹೋಗಿದ್ದವು.

"ಅಪ್ಪಾ... ಪಂಪು... ಬಂದ್..." ಎಂದಳು. 'ಮಾಡು' ಎನ್ನುವುದಕ್ಕೆ ಉಸಿರು ಸಾಕಾಗಲಿಲ್ಲ.

ಪಂಪು ಬಂದ್ ಮಾಡಿ ಅವಳನ್ನು ಎತ್ತಿಕೊಂಡು ಬೇಲಿಯ ತುದಿಗೆ ಓಡಿದೆ. ಹೆಂಡತಿ ಔಷಧಿ ತಂದಳು. ಅರ್ಧ ಗಂಟೆಯಲ್ಲಿ ಮಗಳ ಉಬ್ಬಸ ಇಳಿಯಿತು. ನಂದೊಳ್ಳಿಯವರು ಪಾಪ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದರು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಹದಿನಾರು ಸಾವಿರ ಕಡಿಮೆ ಮಾಡಲು ನಾನು ಕಡಿಮೆ ಮಾಡಹೊರಟಿದ್ದು ಆ ಮೂವತ್ತೈದು ಅಡಿಯನ್ನು. ಶೆಡ್ಡು ಬೇಕಾದದ್ದೇ ಆ ದೂರಕ್ಕಾಗಿ.

ಸೋಮವಾರ ಮೇಸ್ತ್ರಿ ಹಾರೆ ತೆಗೆದುಕೊಂಡು ಬಂದ. ಅವನನ್ನು ಬೇಲಿಯ ತುದಿಗೆ ಕರೆದುಕೊಂಡು ಹೋದೆ.

"ಇಲ್ಲೇ ಆಗಬೇಕು. ನಲವತ್ತು ಸಾವಿರಕ್ಕೆ ಏನು ಬರ್ತದೋ ಅಷ್ಟೇ ಕಟ್ಟು."

ಅವನು ತಲೆ ಕೆರೆದುಕೊಂಡ. "ಗ್ವಾಡಿ ಒಂದೂ ಬರಂಗಿಲ್ರಿ ಮತ್ತ."

"ಬೇಡ."

ಹಾಗೆ ಮೂರನೆಯ ಅಂದಾಜು ಆಯಿತು. ಆರು ಕಬ್ಬಿಣದ ಪೈಪು, ಮೇಲೆ ತಗಡು, ಕೆಳಗೆ ಸಿಮೆಂಟಿನ ನೆಲ, ಸಾಮಾನಿಗೆ ಬೀಗ ಹಾಕುವ ಒಂದು ಕಬ್ಬಿಣದ ಪೆಟ್ಟಿಗೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಆಳುಗಳ ಊಟ, ಚಾ. ಮೂವತ್ತೇಳು ಸಾವಿರ ಎಂದು ಬರೆದೆ, ಮುಗಿದಾಗ ಮೂವತ್ತೇಳೂವರೆ ಆಗಿತ್ತು. ನನ್ನ ಜನ್ಮದಲ್ಲಿ ಸರಿಯಾಗಿ ಹಾಕಿದ ಅಂದಾಜು ಅದೊಂದೇ ಇರಬೇಕು.

ನೋಡಿದವರು ನಕ್ಕರು. ಬಸ್ ಸ್ಟ್ಯಾಂಡು ಕಟ್ಟಿಸಿದ್ದೀಯಾ ಎಂದರು. ಮಳೆಗಾಲದಲ್ಲಿ ಮೂರು ಬದಿಗೆ ಪ್ಲಾಸ್ಟಿಕ್ಕು ಕಟ್ಟಿ, ಕಂಬಳಿಯ ಕೊಪ್ಪೆ ಹೊದ್ದುಕೊಂಡು ಪಂಪು ಬಿಚ್ಚುತ್ತಿದ್ದೆ. ಸಣ್ಣ ಸ್ಕ್ರೂ ಗಾಳಿಗೆ ಉರುಳಿ ಹುಲ್ಲು ಸೇರಿದರೆ ಇಡೀ ಊರಿಗೆ ಕೇಳುವಂತೆ ಬೈಯುತ್ತಿದ್ದೆ. ಆದರೆ ಜಗಲಿ ತೊಳೆದು ಸ್ವಚ್ಛವಾಗಿತ್ತು, ಮಗಳು ಅಲ್ಲಿ ಕೂತು ಓದಿಕೊಳ್ಳುತ್ತಿದ್ದಳು.

ಅಣ್ಣನಿಗೆ ಮಾತ್ರ ಬಹಳ ಬೇಜಾರಾಯಿತು. "ಮನೇದು ಇದ್ದಾಗ ಪೇಟೆದು ಎಂತಕ್ಕೆ, ತಮಾ? ನಮ್ಮ ಮನೆ ಮರ ನಿಂಗೆ ಬೇಡಾತಾ?" ಎಂದ. ನಾನು ಕೂಲಿ, ಸಾಗಾಟ ಎಂದು ಲೆಕ್ಕ ಹೇಳಲು ಹೋದೆ. ಅವನು ಕೇಳಿಸಿಕೊಳ್ಳಲಿಲ್ಲ. ಮನೆಯ ಮರಕ್ಕೆ ಬೆಲೆ ಕಟ್ಟಿದ ತಮ್ಮ ಆಸ್ತಿಯ ಹಿಸೆ ಕೇಳಿದ ತಮ್ಮನಿಗಿಂತ ಕಡೆ ಎಂಬಂತೆ ಮುಖ ತಿರುಗಿಸಿದ. ಒಂದು ವರ್ಷ ಇಸಳೂರಿನ ಕಡೆ ಸುಳಿಯಲಿಲ್ಲ. ಅತ್ತಿಗೆ ಮಾತ್ರ ಆ ಬೇಸಿಗೆಯಲ್ಲಿ ದೊಡ್ಡ ಕಟ್ಟು ಹಲಸಿನ ಹಪ್ಪಳ ಕಳಿಸಿದಳು. ಅದು ಅವಳ ಹಪ್ಪಳದ ಮರವಾಗಿತ್ತಂತೆ. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ, ನಾನೂ.

ಗೋಡೆಗಳು ಒಂದೊಂದಾಗಿ ಬಂದವು. ಮೊದಲು ಮನೆಯ ಕಡೆಯದು, ಬಾಗಿಲೂ ಇಲ್ಲದೆ, ಕಿಟಕಿಯೂ ಇಲ್ಲದೆ. ಅದನ್ನು ಕಟ್ಟಿದ ಮೇಲೆ ಶೆಡ್ಡಿನಿಂದ ಮನೆ ಕಾಣದಾಯಿತು, ಚಾ ತರುವವಳು ಸುತ್ತು ಹಾಕಿ ಬರಬೇಕಾಯಿತು. ಎರಡು ವರ್ಷ ಬಿಟ್ಟು ಇನ್ನೊಂದು, ಅಡಿಕೆಗೆ ಒಳ್ಳೆಯ ದರ ಬಂದು ಜನ ಹೊಸ ಪಂಪು ಕೊಂಡ ವರ್ಷ ಮೂರನೆಯದು, ಬಾಗಿಲಿನ ಸಮೇತ. ನಾಲ್ಕನೆಯದಕ್ಕೆ ಕೈ ಹಾಕುವ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ಮಗಳು ಹೈಸ್ಕೂಲಿನಲ್ಲಿದ್ದಳು.

ಅವತ್ತು ನಾನು ಪೆಟ್ರೋಲಿನ ತಟ್ಟೆ ಮುಚ್ಚಿಟ್ಟು, ಬಾಗಿಲ ಕಡೆ ಪಂಪಿನ ಪಟ್ಟಿ ಬಿಗಿಯುತ್ತಿದ್ದೆ. ಗೋಡೆಯ ಆಚೆಯಿಂದ ಕಾಲಿನ ಸದ್ದು ಕೇಳಿತು. ಮಗಳು ಮನೆಯಿಂದ ಓಡಿ ಬಂದು, ಗೋಡೆ ಸುತ್ತು ಹಾಕಿ, ಬಾಗಿಲ ಹೊರಗೆ ನಿಂತಳು.

"ಅಪ್ಪಾ, ಮೇಸ್ತ್ರಿ ಮನೆಗೆ ಬೈಂದ, ಕಲ್ಲು ಎಷ್ಟು ಬೇಕು ಹೇಳಿ ಕೇಳ್ತಾ ಇದ್ದ, ಆಯಿ ಊಟದ್ದು ಮೊದ್ಲು ಬರಿ ಹೇಳ್ತಾ ಇದ್ದು, ನೀನು ಕೈ ತೊಳ್ಕಂಡು ಈಗ್ಲೇ ಬಾ."

ಒಂದೇ ಉಸಿರಿಗೆ ಹೇಳಿದ್ದಳು. ಎಲ್ಲಿಯೂ ನಿಲ್ಲಲಿಲ್ಲ. ಕೈ ಎದೆಯ ಮೇಲಿರಲಿಲ್ಲ, ಬಾಗಿಲ ಚೌಕಟ್ಟಿನ ಮೇಲಿತ್ತು. ಎಷ್ಟು ದಿನದಿಂದ ಅವಳು ಹೀಗೆ ಓಡಿ ಬಂದು ಮಾತಾಡುತ್ತಿದ್ದಳೋ, ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಪಂಪಿನ ಕಡೆ ಬಗ್ಗಿ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದೆ.

"ಕಿವುಡಾಗಿದ್ಯಾ ಅಪ್ಪಾ?" ಎಂದು ರೇಗಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಹೇಳಿದಳು.