ಎಪ್ಪತ್ತೊಂದನೇ ಅಹವಾಲು

ಮಗಳಿಗೆ ಓದಲು ಬರುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಆಫೀಸಿನಲ್ಲಿ ಕುರ್ಚಿ ಎಳೆದುಕೊಳ್ಳುವಾಗ, ಈ ಮೂರು ಪದ ಆ ತಾಯಿಯ ಬೆನ್ನು ಬಿಡುತ್ತಿರಲಿಲ್ಲ. ಏಳು ತುಂಬಿದ ಹುಡುಗಿ. ಪುಸ್ತಕ ಕೈಗೆ ಕೊಟ್ಟರೆ ನೀರು ಕುಡಿದಷ್ಟು ಸಲೀಸಾಗಿ ಓದುತ್ತಾಳೆ. ಪುಟ ತಿರುವುವುದು ಮಾತ್ರ ಎರಡು ಸಾಲು ತಡ. ಅನುಮಾನ ಬಂದು ತಾಯಿ ಒಂದು ದಿನ ಎರಡು ಹಾಳೆ ಒಟ್ಟಿಗೇ ತಿರುವಿದಳು. ಮಗಳು ಕಾಣದ ಹಾಳೆಯನ್ನೂ ಚಾಚೂ ತಪ್ಪದೆ ಒಪ್ಪಿಸಿಬಿಟ್ಟಳು. ಎಲ್ಲ ಬಾಯಿಪಾಠ.

ಅದೇನು ಸಾಮಾನ್ಯ ಶಾಲೆಯೇ? ಆಳೆತ್ತರದ ಎರಡು ಗೇಟು, ಕಾವಲಿನವನು, ಕುತ್ತಿಗೆಗೆ ಟೈ. "ನೀನು ಆ ಗೇಟು ನೋಡಿಯೇ ಸೇರಿಸಿದ್ದು," ಎಂದು ಗಂಡ ಹಂಗಿಸುತ್ತಿದ್ದ. ಒಳಗೆ ಒಂದೊಂದು ತರಗತಿಯಲ್ಲಿ ನಲವತ್ತೆಂಟು ಮಕ್ಕಳು. ಆ ಗೇಟಿನ ಖರ್ಚಿಗೆಂದೇ ಅವಳು ಕೆಲಸಕ್ಕೆ ಸೇರಿದ್ದಳು.

ಇಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಎರಡು ಬೀದಿ ಆಚೆ ಓರಗಿತ್ತಿ ಇದ್ದಳಲ್ಲ, ಗಂಡನ ಅಣ್ಣನ ಹೆಂಡತಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಇಸ್ತ್ರಿ ಮಾಡುವವಳು. ಓದಿದ್ದು ಏಳನೇ ಕ್ಲಾಸು. ಅವಳ ಮಗ ನೀರಿನ ಟ್ಯಾಂಕಿನ ಹಿಂದಿನ ಸರ್ಕಾರಿ ಶಾಲೆಯವನು, ಇವಳ ಮಗಳಿಗಿಂತ ಎರಡೇ ತಿಂಗಳು ದೊಡ್ಡವನು. ಅವನು ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದ. ಅಂಗಡಿ ಬೋರ್ಡು, ಬಸ್ಸಿನ ಹಿಂಬದಿ, ಕರೆಂಟ್ ಬಿಲ್ಲು. ಒಮ್ಮೆ ಇವರ ಮನೆಗೆ ಬಂದವನು ಕಪಾಟಿನಲ್ಲಿದ್ದ ಔಷಧಿ ಬಾಟಲಿ ಎತ್ತಿ, "ಚಿಕ್ಕಮ್ಮ, ಇದರ ತಾರೀಖು ಮುಗಿದು ಐದು ತಿಂಗಳಾಯ್ತು. ಯಾರಾದ್ರೂ ಕುಡಿದ್ರಾ?" ಎಂದು ಕೇಳಿದ. ಹಿಂದಿನ ರಾತ್ರಿಯಷ್ಟೇ ಅವಳೇ ಕುಡಿದಿದ್ದಳು. "ಜಾಣ ನನ್ನ ರಾಜ," ಎಂದು ಅವನ ತಲೆ ಸವರಿದಳು. ಸವರಿದ ಕೈ ಉರಿಯುತ್ತಿತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅವಳಿಗೆ ತಾನು ಕಡೆಗಣಿಸಿದ ಹಿತ್ತಲ ಗಿಡವೇ ಮದ್ದಾಗಿ ಓರಗಿತ್ತಿಯ ಮನೆಗೆ ಗುಣ ಕೊಡುತ್ತಿರುವುದನ್ನು ಕಣ್ಣಾರೆ ನೋಡುವ ಪಾಡು ಬಂದಿತ್ತು.

ಆಫೀಸಿನಲ್ಲಿ ಅವಳ ಕೆಲಸ ಧ್ವನಿಯನ್ನು ಬರಹಕ್ಕೆ ಇಳಿಸುವುದು. ಉದ್ದನೆಯ ಕೋಣೆ, ಗೋಡೆಗೆ ಮುಖ ಮಾಡಿದ ಒಂಬತ್ತು ಮೇಜು. ಕಿವಿಗೆ ಹೆಡ್‌ಫೋನು, ಕಾಲಡಿಗೆ ಪೆಡಲು. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ಎರಡು ಸೆಕೆಂಡು ಹಿಂದೆ ಸರಿದು ನಿಲ್ಲುತ್ತದೆ. ಮಾತು ತಿಳಿಯದಿದ್ದರೆ ಮೂರು ಸಲ ಕೇಳಬೇಕು. ಆಮೇಲೂ ತಿಳಿಯದಿದ್ದರೆ "ಧ್ವನಿ ಅಸ್ಪಷ್ಟ" ಎಂದು ಬರೆದು ಮುಂದೆ ಹೋಗಬೇಕು. ಇನ್ನೊಂದು ನಿಯಮವಿತ್ತು: ಮಾತಾಡಿದವರು ಬಂಧುಗಳೋ ಪರಿಚಯದವರೋ ಆಗಿದ್ದರೆ ಆ ಕಡತವನ್ನು ವಾಪಸು ಕೊಟ್ಟುಬಿಡಬೇಕು. ಸೇರುವ ದಿನ ಇದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಮೀರಿದರೆ ಕೆಲಸವಿಲ್ಲ. ಮೂರು ಮೂರು ಸಲ ತಾಳೆ ನೋಡುವ ಅವಳ ಚಾಳಿಗೆ ಎಲ್ಲರೂ ಅವಳನ್ನು ಗಾಬರಿ ಮೇಡಂ ಎನ್ನುತ್ತಿದ್ದರು.

ಆ ತಿಂಗಳು ಬಂದದ್ದು ಶಾಲೆಗಳ ಕೆಲಸ. ಸರ್ಕಾರಿ ಶಾಲೆಗಳ ಸುಧಾರಣೆಗೆಂದು ಸಮಿತಿಯೊಂದು ಊರೂರಲ್ಲಿ ಬಹಿರಂಗ ವಿಚಾರಣೆ ನಡೆಸಿತ್ತು. ನಲವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆ ಮುಚ್ಚಿ ದೊಡ್ಡ ಶಾಲೆಗೆ ಸೇರಿಸುವುದು, ಉಳಿದ ಹಣದಲ್ಲಿ ಕಂಪ್ಯೂಟರು, ಪ್ರಯೋಗಾಲಯ ಕೊಡುವುದು, ಇದು ಯೋಜನೆ. ಜನರಿಗೆ ತಲಾ ಮೂರು ನಿಮಿಷ. ಸಮಿತಿಯವರು ಓದುವುದು ಕಾಗದವನ್ನೇ ಹೊರತು ಧ್ವನಿ ಕೇಳುವುದಿಲ್ಲ. ಕಾಗದದಲ್ಲಿ ಬಾರದ ಮಾತು ಆಡದ ಮಾತು.

ಟೀ ವೇಳೆಗೆ ವಿಚಾರಣೆ ಈ ಕೋಣೆಯಲ್ಲೂ ನಡೆಯುತ್ತಿತ್ತು. ಪಕ್ಕದ ಮೇಜಿನ ಗೊಣಗಪ್ಪ, "ಮೂವತ್ತು ಮಕ್ಕಳಿಗೆ ಇಬ್ಬರು ಟೀಚರು, ಒಂದು ಕಟ್ಟಡ! ನಮ್ಮ ತೆರಿಗೆ ದುಡ್ಡೇನು ಬಿಟ್ಟಿ ಬಿದ್ದಿದ್ಯಾ?" ಎಂದ.

"ನಿಮ್ಮ ಮಗ ಟ್ಯೂಷನ್‌ಗೆ ಹೋಗ್ತಾನಲ್ಲ, ಅಲ್ಲಿ ಒಬ್ಬನಿಗೇ ಒಬ್ಬ ಮೇಷ್ಟ್ರು. ಅದಕ್ಕೆ ಲೆಕ್ಕ ಕೇಳಿದ್ರಾ?" ಎಂದರು ಮೇಲ್ವಿಚಾರಕಿ. ನಿವೃತ್ತಿಗೆ ಒಂದು ವರ್ಷವಿದ್ದ, ಕನ್ನಡಕವನ್ನು ಹಣೆಯ ಮೇಲೇ ಇಟ್ಟುಕೊಂಡು ಹುಡುಕುವ ಹೆಂಗಸು.

"ಅದು ನನ್ನ ದುಡ್ಡು ಮೇಡಂ."

"ಹಾಗಾದ್ರೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸಿದ್ರೆ ಮಕ್ಕಳಿಗೆ ಒಳ್ಳೇದು ಅಂತ ನೀವೂ ಒಪ್ಪಿದ ಹಾಗಾಯ್ತು."

ಗೊಣಗಪ್ಪ ಟೀಗೆ ಸಕ್ಕರೆ ಕಡಿಮೆ ಎಂದು ಗೊಣಗಿದ. ಅವಳಿಗೆ ಗೊಣಗಪ್ಪನೇ ಸರಿ ಎನಿಸಿತ್ತು. ಆ ಟ್ಯಾಂಕಿನ ಹಿಂದಿನ ಶಾಲೆ ಮುಚ್ಚಿಹೋದರೆ ಎಲ್ಲರೂ ಒಂದೇ ದೋಣಿಯಲ್ಲಿ ಕೂತಹಾಗಾಗುತ್ತದಲ್ಲ ಎಂದು ಯೋಚಿಸಿ, ಥೂ, ಇದೆಂಥ ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡಷ್ಟಕ್ಕೆ ಯೋಚನೆ ಹೋಗಲಿಲ್ಲ.

ಗುರುವಾರ ಮಧ್ಯಾಹ್ನ ಎಪ್ಪತ್ತೊಂದನೇ ಅಹವಾಲು ತೆರೆದು ಪೆಡಲು ಒತ್ತಿದಳು. "ನಮಸ್ಕಾರ, ನಾನು ಆಸ್ಪತ್ರೆ ಲಾಂಡ್ರೀಲಿ ಕೆಲಸ ಮಾಡೋಳು," ಎಂಬ ಧ್ವನಿ ಕಿವಿಯೊಳಗೇ ಕೂತು ಮಾತಾಡಿತು. ಅವಳ ಕಾಲು ಪೆಡಲಿನಿಂದ ಜಾರಿತು. ಓರಗಿತ್ತಿ.

ಕಡತ ವಾಪಸು ಕೊಡಬೇಕಿತ್ತು. ಎದ್ದು ಹತ್ತು ಹೆಜ್ಜೆ ನಡೆದರೆ ಆಗುತ್ತಿತ್ತು. ಕೊಡಲಿಲ್ಲ. ಏನು ಹೇಳಿದ್ದಾಳೋ ಕೇಳೇಬಿಡೋಣ ಎನ್ನುವ ಚಪಲ.

ಓರಗಿತ್ತಿ ಹೇಳಿದ್ದು ಹೀಗಿತ್ತು: "ದೊಡ್ಡ ಹೊದಿಕೆ ಮಡಿಚೋದಕ್ಕೆ ಎರಡು ಕಡೆ ಇಬ್ಬರು ಹಿಡೀಬೇಕು ಸ್ವಾಮಿ. ಒಬ್ಬರೇ ಮಡಿಚಿದ್ರೆ ಅರ್ಧ ನೆಲದ ಮೇಲೆ ಬೀಳತ್ತೆ, ಮತ್ತೆ ಒಗೀಬೇಕು. ಓದು ಕಲಿಸೋದೂ ಹಾಗೇ. ಒಂದು ತುದಿ ಮಗು ಹಿಡ್ಕೊಂಡ್ರೆ ಇನ್ನೊಂದು ತುದಿ ಟೀಚರ್ ಹಿಡ್ಕೋಬೇಕು. ನಮ್ಮ ಶಾಲೆ ಟೀಚರ್ ದಿನಾ ಒಂದೊಂದು ಮಗೂನೂ ಪಕ್ಕಕ್ಕೆ ಕೂರಿಸ್ಕೊಂಡು ಓದಿಸ್ತಾರೆ."

ಇಷ್ಟನ್ನು ಅವಳು ಅಕ್ಷರ ಬಿಡದೆ ಬರೆದಳು. ಧ್ವನಿಯಲ್ಲಿ ಸಭೆಯ ಚಪ್ಪಾಳೆ ಕೇಳಿಸಿತು. ಏಳನೇ ಕ್ಲಾಸಿನವಳಿಗೆ ಚಪ್ಪಾಳೆ! ಇವಳು ಪದವಿ ಮಾಡಿ ಮೂರು ವರ್ಷದಿಂದ ಊರವರ ಮಾತು ಬರೆಯುತ್ತಿದ್ದಾಳೆ, ತನ್ನದೊಂದು ಮಾತಿಗೆ ಯಾರೂ ತಲೆ ಎತ್ತಿದ್ದಿಲ್ಲ.

ಆಮೇಲೆ ಬಂತು ಉಳಿದದ್ದು. "ನಮ್ಮ ಮನೇದೇ ಇನ್ನೊಂದು ಮಗು ಇದೆ. ದೊಡ್ಡ ಶಾಲೆ. ಕ್ಲಾಸಲ್ಲಿ ನಲವತ್ತೆಂಟು ಜನ. ಮಗು ಬಲು ಜಾಣೆ, ಆದ್ರೆ ಅವಳ ಸರದಿ ಬರೋದೇ ಇಲ್ಲ. ಇನ್ನೂ ಓದಕ್ಕೆ ಬರಲ್ಲ. ಭಾನುವಾರ ನನ್ನ ಮಗ ಅವಳಿಗೆ ಹೇಳ್ಕೊಡ್ತಾನೆ. ಇನ್ನೊಂದು ಮಾತು. ನಮ್ಮಲ್ಲಿ ಮೂವತ್ಮೂರೇ ಮಕ್ಕಳು ಅಂತ ಬರೆದಿದ್ದೀರಿ. ನೀವು ಎಣಿಸೋಕೆ ಬಂದ ದಿನ ಎರಡನೇ ಕ್ಲಾಸಿನ ಹನ್ನೊಂದು ಮಕ್ಕಳು ಕಣ್ಣು ತೋರಿಸೋಕೆ ನಮ್ಮ ಆಸ್ಪತ್ರೆಗೇ ಬಂದಿದ್ರು. ನಾನೇ ನೋಡಿದೀನಿ. ನೀವು ಹಾಜರಿ ಪುಸ್ತಕ ನೋಡ್ಲಿಲ್ಲ, ತಲೆ ಎಣಿಸಿಕೊಂಡು ಹೋದ್ರಿ."

ಅವಳಿಗೆ ಕೊನೆಯ ಮಾತುಗಳು ಕಿವಿಗೆ ಬಿದ್ದವು, ಮನಸ್ಸಿಗೆ ಇಳಿಯಲಿಲ್ಲ. ಮಗಳಿಗೆ ಓದಲು ಬರುವುದಿಲ್ಲ! ತನ್ನ ಗಂಡನಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದನ್ನು ಇವಳು ಮೈಕಿನಲ್ಲಿ ಹೇಳಿದ್ದಾಳೆ. ಬೆರಳುಗಳು ತಾವಾಗಿಯೇ ಓಡಿದವು. ಚಪ್ಪಾಳೆಯಿಂದ ಕೊನೆಯವರೆಗೆ ಒಂದು ನಿಮಿಷ ಹತ್ತು ಸೆಕೆಂಡಿಗೆ, "ಧ್ವನಿ ಅಸ್ಪಷ್ಟ."

ಸಂಜೆ ಮನೆಗೆ ಹೋಗುವಾಗ ಎದೆ ಹಗುರವಾಗಿತ್ತು. ಆ ಹಗುರ ಭಾನುವಾರದ ತನಕ ಬಾಳಿತು.

ಭಾನುವಾರ ಓರಗಿತ್ತಿಯ ಮನೆಗೆ ಹೋದಾಗ ಮಕ್ಕಳಿಬ್ಬರೂ ಮಂಚದ ಮೇಲೆ ಬೋರಲಾಗಿ ಮಲಗಿದ್ದರು. ಮಗಳು ಅಣ್ಣನ ಬೆರಳಿನ ಹಿಂದೆ ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು, ತಪ್ಪುತ್ತಿದ್ದಳು, ಅವನು ಬೈದರೆ ನಗುತ್ತಿದ್ದಳು. ಅಮ್ಮನ ಮುಂದೆ ಒಂದು ದಿನವೂ ತಪ್ಪಿದವಳಲ್ಲ. ಬಾಯಿಪಾಠದ ಕೋಟೆ ಕಟ್ಟಿಕೊಂಡು ಒಳಗೆ ಕೂರುತ್ತಿದ್ದ ಹುಡುಗಿ ಇಲ್ಲಿ ಧೈರ್ಯವಾಗಿ ತಪ್ಪುತ್ತಿದ್ದಾಳೆ. ಇದಕ್ಕೂ ಅವಳಿಗೆ ಹೊಟ್ಟೆಕಿಚ್ಚು. ಏಳು ವರ್ಷದ ಹುಡುಗನ ಮೇಲೆ!

"ನೋಡೇ, ನಾನು ಮಾತಾಡಿದ್ದು ನಿಮ್ಮ ಆಫೀಸಿಗೇ ಬರತ್ತಂತೆ. ಬಂತಾ?" ಓರಗಿತ್ತಿ ಕೇಳಿದಳು. ಮೊಣಕೈ ಮೇಲೆ ಇಸ್ತ್ರಿಯ ಹೊಸ ಸುಟ್ಟ ಗುರುತು.

"ಇಲ್ಲ ಅಕ್ಕ. ಸಾವಿರಾರು ಬರತ್ತೆ."

"ಬಂದ್ರೆ ನಿನ್ನ ಕೈಗೇ ಬರಲಿ ಅಂತ ಬೇಡ್ಕೋತಿದೀನಿ. ಹೆದರಿ ಏನೇನೋ ಅಂದುಬಿಟ್ಟೆ. ಪುಟ್ಟಿ ವಿಷಯಾನೂ ಹೇಳ್ದೆ. ಹೆಸರು ಹೇಳ್ಲಿಲ್ಲ ಮತ್ತೆ! ನಿಂಗೆ ಬೇಜಾರಾಗತ್ತೆ ಅಂತ ಆಮೇಲೆ ಹೊಳೀತು. ಬೈತೀಯಾದ್ರೆ ಬೈದುಬಿಡು."

"ಬೈಯೋದಕ್ಕೇನಿದೆ," ಎಂದಳು. ಅವಳಿಗೆ ಬೈಯಲೂ ಆಗಲಿಲ್ಲ. ಕ್ಷಮೆ ಕೇಳುವುದರಲ್ಲೂ ತನಗಿಂತ ಮುಂದೆ ಹೋದಳಲ್ಲ ಎಂದು ಮತ್ತಷ್ಟು ಉರಿದುಕೊಂಡು ಮನೆಗೆ ಬಂದಳು.

ಸೋಮವಾರ ಹತ್ತೂವರೆಗೆ ಮೇಲ್ವಿಚಾರಕಿ ಕಾಗದದ ಕಟ್ಟು ಹೊತ್ತು ಸಮಿತಿ ಕಚೇರಿಗೆ ಹೊರಟರು. ಹನ್ನೆರಡಕ್ಕೆ ಮೊಹರು ಬೀಳುತ್ತದೆ, ಆಮೇಲೆ ಒಂದು ಚುಕ್ಕಿಯನ್ನೂ ಸೇರಿಸುವಂತಿಲ್ಲ. ಹೊರಡುವ ಮುನ್ನ ಸಾರಾಂಶದ ಒಂದು ಪ್ರತಿಯನ್ನು ಅವಳ ಮೇಜಿನ ಮೇಲಿಟ್ಟು, "ಕಡತಕ್ಕೆ ಹಾಕಿ, ಗಾಬರಿ ಮೇಡಂ. ನೀವು ಮುಟ್ಟಿದ್ರೆ ತಪ್ಪಿರಲ್ಲ," ಎಂದರು.

ಅವಳು ಅಭ್ಯಾಸದಂತೆ ಓದಿದಳು. ನಾಲ್ಕನೇ ಪುಟದಲ್ಲಿತ್ತು: ನೀರಿನ ಟ್ಯಾಂಕಿನ ಬಳಿಯ ಶಾಲೆ. ಮಕ್ಕಳು ಮೂವತ್ತಮೂರು. ಎಣಿಕೆಯ ಬಗ್ಗೆ ತಕರಾರು ಬಂದಿಲ್ಲ. ಮುಚ್ಚಿ ವಿಲೀನಗೊಳಿಸಬಹುದು.

ತಕರಾರು ಬಂದಿಲ್ಲ. ಮೂವತ್ತಮೂರಕ್ಕೆ ಹನ್ನೊಂದು ಸೇರಿದರೆ ನಲವತ್ತನಾಲ್ಕು ಎನ್ನಲು ಪದವಿ ಬೇಕಿರಲಿಲ್ಲ. ತನ್ನ ಒಂದು ಮನೆಯ ಮಾನ ಮುಚ್ಚಲು ಹೋಗಿ ನಲವತ್ತನಾಲ್ಕು ಮಕ್ಕಳ ಶಾಲೆಯನ್ನೇ ಮುಚ್ಚಿದ್ದಳು. ಮಗಳು ಭಾನುವಾರ ತಪ್ಪುತ್ತ ನಗುತ್ತಿದ್ದುದು ಆ ಶಾಲೆಯಿಂದ ಬಂದ ವಿದ್ಯೆಯಿಂದಲೇ ಅಲ್ಲವೇ?

ಹನ್ನೊಂದೂ ಇಪ್ಪತ್ತು. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಆ ಎರಡು ಗೇಟೂ ಹೋದವು. ಗಂಡನಿಗೆ ಏನೆಂದು ಹೇಳುವುದು? ಮೀನ ಮೇಷ ಎಣಿಸುತ್ತ ನೀರು ಕುಡಿದಳು, ಮತ್ತೆ ಕುಡಿದಳು.

"ಏನ್ರೀ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಕೂತಿದ್ದೀರಲ್ಲ!" ಗೊಣಗಪ್ಪ ನಕ್ಕ.

"ಕುಂಬಳಕಾಯಿ ನನ್ನ ಹತ್ರಾನೇ ಇದೆ," ಎಂದಳು. ಅವನಿಗೆ ಅರ್ಥವಾಗಲಿಲ್ಲ.

ಹನ್ನೊಂದೂ ಮೂವತ್ತೈದಕ್ಕೆ ಎಪ್ಪತ್ತೊಂದನೇ ಕಡತ ತೆರೆದು, ಒಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಇನ್ನೊಂದಕ್ಕೆ ಫೋನು ಹಿಡಿದಳು. ನಾಲ್ಕನೇ ರಿಂಗಿಗೆ ಎತ್ತಿದರು.

"ಮೇಡಂ, ಎಪ್ಪತ್ತೊಂದನೇ ಅಹವಾಲು. ಅಸ್ಪಷ್ಟ ಅಂತ ಬರ್ದಿದೀನಲ್ಲ, ಅದು ಸುಳ್ಳು. ಪೂರ್ತಿ ಕೇಳಿಸತ್ತೆ. ಅವರು ನಮ್ಮ ಅಕ್ಕ. ನನ್ನ ಓರಗಿತ್ತಿ."

ಆ ಕಡೆ ಬಾಗಿಲು ಬಡಿದ ಸದ್ದು, ಯಾರದೋ ಕೆಮ್ಮು.

"ನಿಮ್ಮ ವಿಷಯ ನಾಳೆ ಮಾತಾಡೋಣ," ಎಂದರು ಮೇಲ್ವಿಚಾರಕಿ. ಧ್ವನಿ ತಣ್ಣಗಿತ್ತು. "ಅದು ಸುಲಭವಾಗಿ ಮುಗಿಯೋ ಮಾತಲ್ಲ. ಈಗ ಪೆನ್ನು ತಗೊಂಡಿದೀನಿ. ಅವರು ಅಂದಿದ್ದನ್ನ ಅಂದ ಹಾಗೇ ಹೇಳಿ. ಒಂದಕ್ಷರ ಬಿಡಬೇಡಿ."

ಅವಳು ಪೆಡಲು ಒತ್ತಿದಳು. ಮತ್ತೆ ಆ ಚಪ್ಪಾಳೆ, ಮತ್ತೆ ಆ ಉರಿ. ಎಷ್ಟು ಚೆನ್ನಾಗಿ ಮಾತಾಡಿದ್ದಾಳೆ ಹಾಳಾದವಳು.

"ನಮ್ಮ ಮನೇದೇ ಇನ್ನೊಂದು ಮಗು ಇದೆ," ಎಂದಳು.

"ಕೇಳಿಸ್ತಿಲ್ಲ. ಜೋರಾಗಿ ಹೇಳಿ."

ಉಳಿದ ಎಂಟು ಮೇಜಿನವರೂ ತಿರುಗಿ ನೋಡುತ್ತಿದ್ದರು. ಅವಳು ಎದ್ದು ನಿಂತು, ಕಾಲನ್ನು ಪೆಡಲಿನ ಮೇಲೇ ಇಟ್ಟು, ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು: "ನಮ್ಮ ಮನೇದೇ ಇನ್ನೊಂದು ಮಗು ಇದೆ, ಮೇಡಂ. ದೊಡ್ಡ ಶಾಲೆ. ಇನ್ನೂ ಓದಕ್ಕೆ ಬರಲ್ಲ."