ತಿರುಗಿ ಕೊಟ್ಟ ವೀಳ್ಯ

ಇಂದು ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ನಡೆಯಿತು. ಅಂಗಳಕ್ಕೆ ನೀರು ಹಾಕಿದೆ, ಮಗಳ ಡಬ್ಬಿಗೆ ಚಪಾತಿ ಲಟ್ಟಿಸಿದೆ, ಯಜಮಾನರ ಕನ್ನಡಕವನ್ನು ಅವರ ಕಿಸೆಯಿಂದಲೇ ತೆಗೆದುಕೊಟ್ಟೆ. ಮನೆ ಖಾಲಿಯಾದ ಮೇಲೆ ನೆನೆಹಾಕಿದ್ದ ಬಾದಾಮಿಯ ಸಿಪ್ಪೆ ಸುಲಿಯುತ್ತ ಕೂತೆ. ಸಂಜೆ ನಮ್ಮ ನಿಂಗಪ್ಪ ಕಾಕಾ ಅಳ್ನಾವರದಿಂದ ಒಬ್ಬ ಕುಸ್ತಿ ಹುಡುಗಿಯನ್ನು ಕರೆತರುವವರಿದ್ದರು. ಕುಸ್ತಿ ಮುಗಿಯುವವರೆಗೆ ನಮ್ಮಲ್ಲೇ ಮುಕ್ಕಾಮು. ಬಾದಾಮಿಯ ಜೊತೆ ಗಸಗಸೆ, ಏಲಕ್ಕಿ ಅರೆಯುವಾಗ ಒಂದು ವಾಸನೆ ಏಳುತ್ತದಲ್ಲ, ಅದು ನನಗೆ ಮಾತ್ರ ನನ್ನ ಮದುವೆಯಾದ ಹೊಸದರ ವಾಸನೆ. ಉಳಿದ ಹೆಣ್ಣುಮಕ್ಕಳಿಗೆ ಮಲ್ಲಿಗೆ ನೆನಪಾದೀತು. ನನಗೆ ಪೈಲ್ವಾನರು ಕುಡಿಯುವ ತಂಡಾಯಿ.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಸಂಬಂಧ ಕುದುರುವಾಗ ಯಾರೋ "ಹುಡುಗನ ಕಾಕಾ ಮ್ಯಾನೇಜರ್ ಅದಾರ" ಅಂದಿದ್ದರು. ನಮ್ಮಪ್ಪ ಹುಬ್ಬಳ್ಳಿಯವರು, ನೌಕರಿಯ ಮನುಷ್ಯ. ಬ್ಯಾಂಕು ಎಂದೇ ತಿಳಿದು, ಯಾವ ಬ್ರಾಂಚಿನಲ್ಲಿ ಎಂದು ಕೇಳಿಯೂ ಬಿಟ್ಟರು. ಕಾಕಾ ತಡಮಾಡದೆ, ಯಾವ ಊರು ಕರೆದರೆ ಅಲ್ಲೇ ರೀ, ಅಂದರು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದಂತೆ ಕರವಸ್ತ್ರ ಮಡಿಚಿ ಹಿಡಿದು ಕುಂದಗೋಳದ ಈ ಮನೆಗೆ ಬಂದ ನನಗೆ, ಅಡುಗೆಮನೆಯ ಬಾಗಿಲು ತುಂಬ ನಿಂತ ಇಬ್ಬರು ಪೈಲ್ವಾನರನ್ನು ಕಂಡಾಗ ಬ್ರಾಂಚು ಯಾವುದೆಂದು ಗೊತ್ತಾಯಿತು.

ಬೇರೆ ಕುಸ್ತಿ ಮ್ಯಾನೇಜರರ ಬೆನ್ನಿಗೆ ದೊಡ್ಡ ಗರಡಿಗಳಿದ್ದವು. ಕಾಕಾನ ಬೆನ್ನಿಗೆ ಯಾರೂ ಇರಲಿಲ್ಲ. ಒಂದು ಕೈಚೀಲ, ಆಗಷ್ಟೇ ಕೊಂಡ ಮೊಬೈಲು, ಮತ್ತು ಕಣ್ಣು. ಇಬ್ಬರು ನಡೆದು ಬರುವುದನ್ನು ನೋಡಿದರೆ ಸಾಕು, ಇವನಿಗೆ ಇವನೇ ಸರಿಜೋಡಿ ಎಂದು ಹೇಳುತ್ತಿದ್ದರು. ಸುತ್ತಿನ ಊರುಗಳ ಪಂಚರು ಅವರನ್ನು ಕರೆಯುತ್ತಿದ್ದುದು ಈ ಜೋಡಿ ಕಟ್ಟುವ ಕೆಲಸಕ್ಕೇ. ಪಂಚರು ತಾಟಿನಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಹಿಡಿಯುತ್ತಾರೆ. ಆ ವೀಳ್ಯ ಎತ್ತಿಕೊಂಡರೆ ಮುಗಿಯಿತು, ನನ್ನ ಪೈಲ್ವಾನನನ್ನು ಅಖಾಡದಲ್ಲಿ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಂತೆ. ಎತ್ತಿದ ವೀಳ್ಯವನ್ನು ತಿರುಗಿ ಕೊಡುವ ಪದ್ಧತಿಯೇ ಇಲ್ಲ.

ನಾನು ಬಂದ ಆ ವರ್ಷ ನಮ್ಮಲ್ಲಿದ್ದವರಲ್ಲಿ ಒಬ್ಬ ಬಮ್ಮಿಗಟ್ಟಿಯ ಫಕೀರಪ್ಪ. ಗುಡ್ಡದಂಥ ಆಳು, ಧ್ವನಿ ಮಾತ್ರ ಸಣ್ಣ ಹುಡುಗಿಯದು. ಅಡುಗೆಮನೆಯ ನೆಲುವಿನಿಂದ ಮಜ್ಜಿಗೆ ಗಡಿಗೆಯನ್ನು ದಿನವೂ ತಾನೇ ಇಳಿಸಿ ಕೊಡುತ್ತಿದ್ದ. ನವಲಗುಂದದ ಆಚೆಗಿನ ಒಂದು ಊರಿನಲ್ಲಿ ಅವನ ದೊಡ್ಡ ಕುಸ್ತಿ. ಕಾಕಾ ವೀಳ್ಯ ಎತ್ತಿ ಆಗಿತ್ತು. ಹಿಂದಿನ ದಿನ ಊಟಕ್ಕೆ ಬಂದವನು, "ವೈನಿ, ಇವತ್ತ ನೀವ ಇಳಿಸ್ರಿ" ಅಂದ. ರೊಟ್ಟಿ ಮುರಿಯುವಾಗ ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದ. ನನಗೆ ಕುಸ್ತಿಯ ಗಂಧವಿಲ್ಲ, ಉಣ್ಣುವವರ ಕೈ ನೋಡುವುದು ಗೊತ್ತು. ಕಾಕಾನಿಗೆ ಪಲ್ಯ ಬಡಿಸುತ್ತ ಮೆಲ್ಲಗೆ ಹೇಳಿದೆ.

ಕಾಕಾ ಉಣ್ಣುವುದು ಬಿಟ್ಟು ಅವನಿಗೆ ಕೈ ಎತ್ತಲು ಹೇಳಿದರು. ಹೆಗಲ ಮಟ್ಟಕ್ಕೆ ಬರುವಷ್ಟರಲ್ಲಿ ಅವನ ಮುಖ ಬೆವರಿತು.

"ಏನಾಗಿಲ್ರಿ ಕಾಕಾ. ನಾಳೆ ಆಡ್ತೇನಿ. ಆಡದಿದ್ರ ಅಂಜಿದಾ ಅಂತಾರ್ರಿ."

"ಅಂಜಿದಾಂವ ನಾ ಅಂತ ಹೇಳಿ ಬರ್ತೇನಿ," ಅಂದರು ಕಾಕಾ. "ನೀ ಉಣ್ಣು."

ಆ ಮಧ್ಯಾಹ್ನವೇ ಬಸ್ಸು ಹತ್ತಿದರು, ಜೊತೆಗೆ ನಮ್ಮ ಯಜಮಾನರು. ಅಲ್ಲಿ ಪಂಚರ ಮುಂದೆ ಎಲೆ ಅಡಿಕೆಯನ್ನು ತಾಟಿನಲ್ಲಿ ತಿರುಗಿ ಇಟ್ಟು, "ಜೋಡಿ ಕಟ್ಟೂದ್ರಾಗ ನಾ ತಪ್ಪೀನ್ರಿ. ನಿಮ್ಮ ಪೈಲ್ವಾನ ಭಾರಿ ಅದಾನ, ನಮ್ಮ ಹುಡುಗ ಸರಿಜೋಡಿ ಅಲ್ಲ" ಅಂದರಂತೆ. ಹೆಗಲಿನ ಮಾತು ಎತ್ತಲೇ ಇಲ್ಲ. ಯಾಕೆ ಹೀಗೆ ಎಂದು ನನಗೆ ಮೊದಲು ತಿಳಿಯಲಿಲ್ಲ. ನೋವಾಗಿದೆ ಎಂದರೆ ಯಾರು ಬೇಡವೆನ್ನುತ್ತಿದ್ದರು? ಆಮೇಲೆ ಯಜಮಾನರು ಬಿಡಿಸಿ ಹೇಳಿದರು: ಪೈಲ್ವಾನನ ಹೆಗಲು ಸೋತಿದೆ ಎಂಬ ಸುದ್ದಿ ಒಮ್ಮೆ ಹೊರಬಿದ್ದರೆ, ಮುಂದೆ ಎದುರು ನಿಂತವರೆಲ್ಲ ಮೊದಲು ಹಿಡಿಯುವುದು ಆ ಹೆಗಲನ್ನೇ. ಅದಕ್ಕೇ ಕಾಕಾ ತಮ್ಮ ಕಣ್ಣೇ ತಪ್ಪಿತು ಅಂದರು. ಆ ಕಣ್ಣೊಂದೇ ಅವರ ಬಂಡವಾಳವಾಗಿತ್ತು. ಗುಂಪಿನಲ್ಲೊಬ್ಬ, "ಇನ್ನ ಮ್ಯಾಲೆ ಎತ್ತಿನ ಜೋಡಿ ಕಟ್ರಿ ಕಾಕಾ, ಅವು ತಿರುಗಿ ಮಾತಾಡಂಗಿಲ್ಲ" ಅಂದನಂತೆ. ಕಾಕಾ ತಾವೂ ನಕ್ಕು, ಎಲ್ಲರಿಗೂ ಕೈ ಮುಗಿದು ಬಂದರಂತೆ.

ಆ ಹಂಗಾಮು ಪೂರ್ತಿ ಮೊಬೈಲು ರಿಂಗಾಗಲಿಲ್ಲ. ಕಾಕಾ ಕಟ್ಟೆಯ ಮೇಲೆ ಅದನ್ನು ಬಾಜು ಇಟ್ಟುಕೊಂಡು ಕೂಡುತ್ತಿದ್ದರು. ಚಹಾ ಒಯ್ದಾಗ, ಸರಿಯಾಗಿದೆಯೋ ನೋಡು ಯವ್ವಾ, ಅಂತ ನನ್ನ ಕೈಗೆ ಕೊಡುತ್ತಿದ್ದರು. ಅದು ಸರಿಯಾಗಿಯೇ ಇರುತ್ತಿತ್ತು. ಆ ಕೈಯ ಮಾತು ಹೇಳಿದ್ದು ನಾನಲ್ಲವೇ ಎಂದುಕೊಳ್ಳುತ್ತ ಖಾಲಿ ಲೋಟ ಒಳಗೆ ತರುತ್ತಿದ್ದೆ. ಪಕ್ಕದ ಮನೆಯ ಶಾಂತಕ್ಕನ ತವರು ಅದೇ ಊರು. ಗೋಡೆಯಾಚೆಯಿಂದ ಅಗದಿ ಕನಿಕರದ ದನಿಯಲ್ಲಿ, ನಮ್ಮ ತವರಾಗ ಇನ್ನೂ ನಗ್ತಾರ ನೋಡ್ರಿ, ಅಂತ ಆಗಾಗ ವರದಿ ಒಪ್ಪಿಸುತ್ತಿದ್ದಳು.

ಫಕೀರಪ್ಪನ ಹೆಗಲು ಕೂಡಿಕೊಂಡಿತು. ಅವನು ಮತ್ತೆ ಅಖಾಡಕ್ಕಿಳಿದು ಹೆಸರು ಮಾಡಿ, ಈಗ ಊರಲ್ಲಿ ಹೊಲ ನೋಡಿಕೊಂಡಿದ್ದಾನೆ. ಒಮ್ಮೆ ಅವನ ಅವ್ವ ಬಂದಿದ್ದಳು. ಕಾಕಾನಿಗೆ ಕೈ ಮುಗಿದು ಒಳಗೆ ಬಂದಳು. ನನ್ನ ಒಲೆಯ ಮುಂದೆ ಕೂತು, ಬೇಡವೆಂದರೂ ಕೇಳದೆ ಅಂದಿನ ರೊಟ್ಟಿಯನ್ನೆಲ್ಲ ತಾನೇ ಬಡಿದು ಹೋದಳು. ಊರುಗಳೂ ಒಂದೊಂದಾಗಿ ಮತ್ತೆ ಕರೆಯತೊಡಗಿದವು. ಆದರೂ ಕಾಕಾನ ಹೆಸರಿಗೆ ಅಂದು ಬಿದ್ದ ಬಿರುಕು ನನ್ನ ಮನಸ್ಸಿನಿಂದ ಹೋಗಿರಲಿಲ್ಲ, ಇಂದು ಸಂಜೆಯವರೆಗೆ.

ಸಂಜೆ ಕಾಕಾ ಬಂದರು. ಹಿಂದೆ ಆ ಹುಡುಗಿ, ಬಿಗಿಯಾಗಿ ಹೆಣೆದ ಜಡೆ, ನಾಚಿಕೆಯ ಮುಖ. ತಂಡಾಯಿ ಕುಡಿದು, ಲೋಟ ತೊಳೆದಿಟ್ಟು ಒಳಗೆ ಹೋದಳು. ಶಾಂತಕ್ಕ ಗೋಡೆಯಾಚೆ ನಿಂತು ಎಲ್ಲ ನೋಡುತ್ತಿದ್ದಳು.

"ಹರೇದ ಹುಡುಗಿ, ಒಬ್ಬಾಕಿನ ಬಂದಾಳೇನ್ರಿ? ಅವ್ವ ಬಂದಿಲ್ಲ?"

ಇಲ್ಲ, ಬಂದಿಲ್ಲ, ಅಂದೆ. ಇನ್ನು ತವರಿನ ವರದಿ ಹೊರಡುತ್ತದೆ ಎಂದುಕೊಂಡೆ.

ಶಾಂತಕ್ಕ ಒಣಗಿದ ಸೀರೆಯನ್ನು ಹಗ್ಗದಿಂದ ಎಳೆದು ಹೆಗಲಿಗೆ ಹಾಕಿಕೊಂಡಳು.

"ಯಾಕ ಬರಬೇಕ ಬಿಡ್ರಿ. ಕಾಕಾ ಅದಾರಲ್ಲ," ಅಂದಳು. "ಕೊತ್ತಂಬರಿ ಐತೇನ್ರಿ ಒಂದೀಟು?"